ಎಣಗಾಯಿಗೆ ಯಾವ ಬದನೆ? ನಾಲ್ಕು ನಮೂನೆ ತಂದು ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಎಣಗಾಯಿಗೆ, ಅಂದರೆ ಇಡೀ ಬದನೆ ಸೀಳಿ ಮಸಾಲೆ ತುಂಬಿ ಎಣ್ಣೆಯಲ್ಲಿ ಬೇಯಿಸುವ ಪಲ್ಯಕ್ಕೆ, ನನಗೆ ಸಣ್ಣ ಮುಳ್ಳು ಬದನೆಯೇ ಆಗಬೇಕು. ನೇರಳೆ ಮೈ, ಮೇಲೆ ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು. ಧಾರವಾಡದ ಕಡೆ ಇದಕ್ಕೆ ಮುಳಗಾಯಿ ಅನ್ನುತ್ತಾರೆ. ನಮ್ಮ ಕಲಬುರಗಿಯಲ್ಲಿ ಸುಮ್ನೆ ಬದನಿಕಾಯಿ ಅಂದರೂ ನಮ್ಮ ಕಾಯಿಪಲ್ಲೆ ಅಕ್ಕ ಇದನ್ನೇ ತಕ್ಕಡಿಗೆ ಹಾಕುತ್ತಾಳೆ. ಉಳಿದ ಮೂರು ನಮೂನೆಗಳನ್ನು ತಂದು ನೋಡಿದ್ದು ಒಂದು ಹಬ್ಬದ ಅಡುಗೆ ಕೆಟ್ಟ ಮೇಲೆ.

ಎಳ್ಳು ಅಮಾವಾಸ್ಯೆಗೆ ಪ್ರತಿ ವರ್ಷ ಸೇಡಂ ಹತ್ತಿರದ ನಮ್ಮ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಹಿಡಿದು ಹೊಲದಲ್ಲಿ ಎರಚಲು, ಹೋಗುತ್ತೇವೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಎಲ್ಲ ಅತ್ತೆಯ ಕೈಯಲ್ಲಿ. ಎಣಗಾಯಿ ಮಾತ್ರ ನನ್ನ ಪಾಲು. ಹೋದ ಸಲ ಆಫೀಸಿನ ಕೆಲಸ ಜಾಸ್ತಿ ಇತ್ತು, ಹಬ್ಬದ ಹಿಂದಿನ ದಿನ ಕಣ್ಣಿ ಮಾರ್ಕೆಟ್‌ಗೆ ಹೋಗಲು ಆಗುವುದಿಲ್ಲ ಅಂತ ನಾಲ್ಕು ದಿನ ಮೊದಲೇ ಒಂದು ದೊಡ್ಡ ಎಸಿ ಅಂಗಡಿಯಲ್ಲಿ ಬದನೆ ಕೊಂಡೆ. ಕಪ್ಪು ನೇರಳೆ ಗುಂಡು ಕಾಯಿ, ಮುಖ ಕಾಣುವಷ್ಟು ಹೊಳಪು, ಒಂದಕ್ಕೂ ಹುಳುಕಿಲ್ಲ. ಒಂದೂವರೆ ಕಿಲೋ ತಂದು ಫ್ರಿಜ್ಜಿನಲ್ಲಿ ಇಟ್ಟೆ.

ಹಬ್ಬದ ನಸುಕಿನಲ್ಲಿ ಹೆಚ್ಚಲು ಕೂತರೆ ಅರ್ಧಕ್ಕರ್ಧ ಕಾಯಿಯ ಒಳಗೆ ಬೀಜದ ಸುತ್ತ ಕಂದು ಬಣ್ಣ. ಚೆನ್ನಾಗಿದ್ದವನ್ನು ಆರಿಸಿ ಮಸಾಲೆ ತುಂಬಿ ಒಲೆಗೆ ಇಟ್ಟೆ. ಹಾಕಿದ ಎಣ್ಣೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮತ್ತೆ ಹಾಕಿದೆ. ಮತ್ತೂ ಹಾಕಿದೆ. ಮಧ್ಯಾಹ್ನ ಹೊಲದ ಬದುವಿನ ಮೇಲೆ ಡಬ್ಬಿ ತೆಗೆದರೆ ಮೇಲೆ ಎರಡು ಬೆರಳು ಎಣ್ಣೆ ನಿಂತಿತ್ತು. ಕಾಯಿ ಒಡೆದು ಮಸಾಲೆ ಹೊರಗೆ ಬಂದಿತ್ತು, ತೊಟ್ಟಿನ ಹತ್ತಿರ ಇನ್ನೂ ಹಸಿ. ಅತ್ತೆ ಒಂದು ತುತ್ತು ತಿಂದು, "ಮಸಾಲಿ ಚೊಲೊ ಆಗ್ಯಾದ ಯವ್ವಾ, ಬದನಿಕಾಯೇ ಬರೋಬ್ಬರಿ ಇಲ್ಲ" ಅಂದರು. ಅವರಿಗೆ ಬಿಪಿ ಇದೆ, ಎಣ್ಣೆ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಅವರ ತಟ್ಟೆಯಲ್ಲಿ ರೊಟ್ಟಿಯ ಅಂಚು ಎಣ್ಣೆ ಕುಡಿದು ಮೆತ್ತಗಾಗಿದ್ದು ನೋಡಿ ನನಗೆ ಬಹಳ ಬೇಜಾರಾಯಿತು.

ಆಮೇಲೆ ಆ ಚಳಿಗಾಲವಿಡೀ ಭಾನುವಾರಕ್ಕೊಂದು ನಮೂನೆ ತಂದು ಮಾಡಿದೆ. ಮುಳ್ಳು ಬದನೆ, ಕಪ್ಪು ಗುಂಡು ಬದನೆ, ಉದ್ದನೆಯ ಹಸಿರು ಬದನೆ, ಸುಟ್ಟು ಭರ್ತ ಮಾಡಲು ತರುವ ದಪ್ಪ ಬದನೆ. ಪ್ರತಿ ಸಲ ಅರ್ಧ ಕಿಲೋ, ಅದೇ ಕಡಾಯಿ. ಮಸಾಲೆಯೂ ಅದೇ: ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹುಣಸೆ, ಚೂರು ಬೆಲ್ಲ. ಎಣ್ಣೆಯನ್ನು ಮಾತ್ರ 15 ಎಂಎಲ್ ಚಮಚದಲ್ಲಿ ಅಳೆದೇ ಹಾಕಿದೆ. ನಮ್ಮ ಮನೆಯಲ್ಲಿ ಕುಸುಬಿ ಎಣ್ಣೆ.

ಮುಳ್ಳು ಬದನೆಗೆ ಮೂರು ಚಮಚ ಸಾಕಾಯಿತು. ಹಸಿರು ಬದನೆಗೆ ನಾಲ್ಕು. ಕಪ್ಪು ಗುಂಡು ಬದನೆ ಆರು ಚಮಚ ಕುಡಿಯಿತು, ಆದರೂ ಕಡಾಯಿ ಒಣಗಿದ ಹಾಗೆ ಕಾಣುತ್ತಿತ್ತು.

ಈ ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಹಬ್ಬ ಕೆಟ್ಟಿದ್ದೇ ಇದರಿಂದ. ಬದನೆಯ ತಿರುಳು ಸ್ಪಂಜಿನ ಹಾಗೆ. ಒಂದು ಹೋಳನ್ನು ನೀರಿಗೆ ಹಾಕಿ ನೋಡಿ, ತೇಲುತ್ತದೆ. ಒಳಗೆಲ್ಲ ಗಾಳಿಯ ಸಣ್ಣ ಸಣ್ಣ ಗೂಡುಗಳು. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಗಾಳಿ ಇದ್ದ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ಆಗ ಕಡಾಯಿ ಒಣಗಿದಂತೆ ಕಂಡು, ತಳ ಹಿಡಿದೀತು ಅಂತ ನಾವು ಇನ್ನೊಂದು ಚಮಚ ಸುರಿಯುತ್ತೇವೆ. ಕಾಯಿ ಪೂರ್ತಿ ಬೆಂದಾಗ ಆ ಗೂಡುಗಳು ಕುಸಿಯುತ್ತವೆ, ಕುಡಿದ ಎಣ್ಣೆಯಲ್ಲಿ ಒಂದಷ್ಟು ಹೊರಗೆ ಬರುತ್ತದೆ. ಡಬ್ಬಿಯಲ್ಲಿ ಎರಡು ಬೆರಳು ನಿಂತಿದ್ದು ಅದೇ ಎಣ್ಣೆ.

ಲೆಕ್ಕ ಹಾಕಿದರೆ ಇನ್ನೂ ಬೇಸರವಾಗುತ್ತದೆ. 100 ಗ್ರಾಂ ಹಸಿ ಬದನೆಯಲ್ಲಿ ಸುಮಾರು 92 ಗ್ರಾಂ ನೀರೇ ಇರುತ್ತದೆ. ಶಕ್ತಿ 25 ಕ್ಯಾಲೊರಿ ಅಷ್ಟೇ. ಅರ್ಧ ಕಿಲೋ ಬದನೆ ಅಂದರೆ 125 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆ ಒಂದೇ ಸುಮಾರು 120. ಅಂದರೆ ಗುಂಡು ಬದನೆಗೆ ಸುರಿದ ಆರು ಚಮಚದಲ್ಲಿ 700ಕ್ಕೂ ಜಾಸ್ತಿ. ಸಕ್ಕರೆ ಕಾಯಿಲೆಯವರಿಗೆ, ತೂಕ ಇಳಿಸುವವರಿಗೆ ಬದನೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಕಾಯಿ ಒಳ್ಳೆಯದೇ, ಆದರೆ ಇಷ್ಟು ಎಣ್ಣೆ ಕುಡಿಸಿದ ಮೇಲೆ ಆ ಮಾತು ಎಲ್ಲಿ ಉಳಿಯಿತು, ಅಲ್ವಾ?

ಎಣ್ಣೆ ಉಳಿಸಲು ಎರಡು ದಾರಿ ನೋಡಿದೆ. ಒಂದು, ಸೀಳಿದ ಕಾಯಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಡುವುದು. ನೀರು ಬಿಟ್ಟು ತಿರುಳು ಸ್ವಲ್ಪ ಕುಗ್ಗುತ್ತದೆ, ಆದರೆ ಆ ಉಪ್ಪು ಮಸಾಲೆಯ ಲೆಕ್ಕ ತಪ್ಪಿಸುತ್ತದೆ. ಬಿಪಿ ಇರುವ ಮನೆಗೆ ಇದು ಸರಿಯಲ್ಲ. ಇನ್ನೊಂದು, ಇಡ್ಲಿ ಪಾತ್ರೆಯಲ್ಲಿ ಐದು ನಿಮಿಷ ಹಬೆ ಕೊಟ್ಟು ಆಮೇಲೆ ಮಸಾಲೆ ತುಂಬುವುದು. ಗಾಳಿಯ ಗೂಡುಗಳು ಹಬೆಗೇ ಕುಸಿದಿರುತ್ತವೆ, ಎಣ್ಣೆಗೆ ಜಾಗ ಇರುವುದಿಲ್ಲ. ಹಬೆ ಕೊಟ್ಟ ಗುಂಡು ಬದನೆಯೂ ಮೂರೂವರೆ ಚಮಚಕ್ಕೆ ಇಳಿಯಿತು. ಆದರೆ ಕಾಯಿ ಮೆತ್ತಗಾಗಿ ತುಂಬುವಾಗಲೇ ಹರಿಯುತ್ತದೆ. ಮುಳ್ಳು ಬದನೆಗೆ ಈ ಯಾವ ಕಸರತ್ತೂ ಬೇಡ. ಎಳೆಯ ಸಣ್ಣ ಕಾಯಿ, ತಿರುಳು ಬಿಗಿ. ಮುಚ್ಚಳ ಹಾಕಿ, ಮೇಲೆ ಎರಡು ಸಲ ನೀರು ಚಿಮುಕಿಸಿದರೆ ಹದಿನೈದು ನಿಮಿಷದಲ್ಲಿ ತೊಟ್ಟಿನವರೆಗೂ ಬೇಯುತ್ತದೆ.

ತೊಟ್ಟನ್ನು ಕತ್ತರಿಸಬೇಡಿ. ಮುಳ್ಳು ಚುಚ್ಚುತ್ತದೆ ಅಂತ ಕೆಲವರು ಟೊಪ್ಪಿಗೆಯನ್ನೇ ತೆಗೆದುಬಿಡುತ್ತಾರೆ. ನಾಲ್ಕು ಸೀಳನ್ನು ಹಿಡಿದಿಡುವುದು ಅದೇ. ಮುಳ್ಳನ್ನು ಚಾಕುವಿನಿಂದ ಕೆರೆದರೆ ಸಾಕು. ಆ ಟೊಪ್ಪಿಗೆ ಹೂವಿನ ಬುಡದಲ್ಲಿದ್ದ ಹಸಿರು ಎಸಳುಗಳೇ. ಹೂವು ಉದುರಿದ ಮೇಲೂ ಅವು ಉದುರದೆ ಕಾಯಿಯ ಜೊತೆ ಬೆಳೆಯುತ್ತವೆ. ಅದನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿ, ಕೆಳಗೆ ಸಿಪ್ಪೆ ಬೆಳ್ಳಗಿರುತ್ತದೆ. ನೇರಳೆ ಬಣ್ಣ ಕಟ್ಟಲು ಬೆಳಕು ಬೇಕು, ಟೊಪ್ಪಿಗೆಯ ಅಡಿಗೆ ಬೆಳಕು ಬೀಳುವುದಿಲ್ಲ. ಆ ಬಿಳಿ ಅಂಚು ಅಗಲ ಇದ್ದರೆ ಕಾಯಿ ಇನ್ನೂ ಬೆಳೆಯುತ್ತಿತ್ತು, ಎಳೆಯದು ಅಂತ ನಾನು ಆರಿಸಿಕೊಳ್ಳುತ್ತೇನೆ. ಇಷ್ಟು ದಿನದಲ್ಲಿ ಇದು ನನಗೆ ಮೋಸ ಮಾಡಿಲ್ಲ.

ಸಿಪ್ಪೆಯ ಬಣ್ಣ ಹೊಟ್ಟೆಗೂ ಬೇಕಾದದ್ದು. ನೇರಳೆ ಬದನೆಯ ಸಿಪ್ಪೆಯಲ್ಲಿ ನಾಸುನಿನ್ ಎಂಬ ಬಣ್ಣದ ಅಂಶ ಇದೆ. ನೇರಳೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಗುಂಪಿನದೇ. ಹಸಿರು ಬದನೆಯಲ್ಲಿ ಅದಿಲ್ಲ, ಅದರ ಹಸಿರು ಎಲೆಯಲ್ಲಿರುವ ಪತ್ರಹರಿತ್ತಿನದು. ಆದರೆ ತಿರುಳಿನ ಕ್ಲೋರೊಜೆನಿಕ್ ಆಮ್ಲ ಎರಡರಲ್ಲೂ ಇದೆ. ಹೆಚ್ಚಿಟ್ಟ ಬದನೆ ಕಪ್ಪಾಗುವುದು ಇದಕ್ಕೆ ಗಾಳಿ ತಾಗಿ. ಅದಕ್ಕೇ ಅವ್ವ ಹೆಚ್ಚಿದ ಕೂಡಲೇ ಉಪ್ಪುನೀರಿಗೆ ಹಾಕುತ್ತಿದ್ದಳು. ನಾರು 100 ಗ್ರಾಂಗೆ 3 ಗ್ರಾಂ, ಪೊಟ್ಯಾಸಿಯಂ ಸುಮಾರು 230 ಮಿಲಿಗ್ರಾಂ. ಪ್ರೋಟೀನು 1 ಗ್ರಾಂ ಮಾತ್ರ, ಅದನ್ನು ಶೇಂಗಾ ಮತ್ತು ತೊಗರಿ ಬೇಳೆ ತುಂಬಿಸಬೇಕು. ನಂಜು ಅಂತ ಕೆಲವರು ಬದನೆ ಮುಟ್ಟುವುದಿಲ್ಲ. ತಿಂದಾಗ ಬಾಯಿ ತುರಿಸುವವರು ಬಿಡುವುದೇ ಒಳ್ಳೆಯದು.

ಹಸಿರು ಉದ್ದ ಬದನೆ ರುಚಿಯಲ್ಲಿ ಕೆಟ್ಟದ್ದಲ್ಲ, ಆದರೆ ಎಣಗಾಯಿ ಆಕಾರಕ್ಕೆ ಬರುವುದಿಲ್ಲ. ಹೋಳು ಮಾಡಿ ಪಲ್ಯಕ್ಕೆ ಸರಿ.

ಭರ್ತದ ದಪ್ಪ ಬದನೆಗೆ ಎಣಗಾಯಿಯಲ್ಲಿ ಸೊನ್ನೆ. ತುಂಬಿ ಬೇಯಿಸಲು ಹೋಗಿ ಹೊರಗೆ ಗೊಜ್ಜು, ಒಳಗೆ ಹಸಿ ಆಯಿತು. ಆದರೆ ಅದರ ಜಾಗ ಬೇರೆ. ಒಲೆಯ ಉರಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಹಸಿಮೆಣಸು ಬೆಳ್ಳುಳ್ಳಿ ಕುಟ್ಟಿ ಹಾಕಿದರೆ ಒಂದು ಚಮಚ ಎಣ್ಣೆಯ ಒಗ್ಗರಣೆ ಸಾಕು. ಎಣ್ಣೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ ಇದೇ. ಸಿಪ್ಪೆಯ ಜೊತೆ ನಾಸುನಿನ್ ಹೋಗುತ್ತದೆ, ಅಷ್ಟೇ ಕೊರತೆ. ಅತ್ತೆಗೆ ವಾರದಲ್ಲಿ ಒಮ್ಮೆ ಇದನ್ನೇ ಮಾಡಿಕೊಡುತ್ತೇನೆ, ಬಿಸಿ ಜೋಳದ ರೊಟ್ಟಿಯ ಜೊತೆ.

ಪಕ್ಕದ ಮನೆಯ ಆಪಾ ಬಿರಿಯಾನಿ ಜೊತೆಗೆ ಬಘಾರಾ ಬೈಂಗನ್ ಕಳಿಸುತ್ತಾರೆ. ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆ, ನಮ್ಮ ಎಣಗಾಯಿಯ ಅಕ್ಕನೇ ಅನ್ನಿ. ಅವರೂ ಸಣ್ಣ ಬದನೆಯನ್ನೇ ಹುಡುಕುತ್ತಾರೆ. ಕಾಯಿಯನ್ನು ಮೊದಲು ಎಣ್ಣೆಯಲ್ಲಿ ಹುರಿಯುವುದರಿಂದ ದಪ್ಪ ಕಾಯಿ ತಂದರೆ ಬಾಟಲಿಯೇ ಖಾಲಿ ಅಂತಾರೆ.

ಫ್ರಿಜ್ಜಿನ ವಿಷಯ. ಬದನೆ ಬಿಸಿ ನಾಡಿನ ಗಿಡ. 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇಟ್ಟರೆ ಸಿಪ್ಪೆಯಲ್ಲಿ ಕುಳಿ ಬೀಳುತ್ತದೆ, ಒಳಗೆ ಬೀಜ ಕಂದಾಗುತ್ತದೆ. ನಮ್ಮ ಫ್ರಿಜ್ಜು 4-5 ಡಿಗ್ರಿಯಲ್ಲಿರುತ್ತದೆ. ಅಂಗಡಿಯಲ್ಲಿ ಎಷ್ಟು ದಿನ ತಣ್ಣಗೆ ಇತ್ತೋ, ಮೇಲೆ ನನ್ನ ನಾಲ್ಕು ದಿನ. ಈಗ ಒದ್ದೆ ಬಟ್ಟೆ ಸುತ್ತಿ ಅಡುಗೆಮನೆಯ ನೆರಳಿನಲ್ಲಿ ಇಡುತ್ತೇನೆ, ಎರಡು ದಿನ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಅಂದಿನದು ಅಂದೇ ತರಬೇಕು.

ಬದನೆ ಕಹಿಯಾಗಲು ಒಂದು ಕಾರಣ ಬಲಿತ ಬೀಜ. ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ, ತಂಬಾಕು ಎಲ್ಲ ಬದನೆಯ ಕುಟುಂಬವೇ. ಸಸ್ಯಶಾಸ್ತ್ರದ ಪ್ರಕಾರ ಬದನೆಯೂ ಟೊಮ್ಯಾಟೊ ತರಹದ ಹಣ್ಣು, ನಾವು ಅದು ಹಣ್ಣಾಗುವ ಮೊದಲೇ ತಿನ್ನುತ್ತೇವೆ. ಹಣ್ಣಾಗುತ್ತಾ ಹೊಳಪು ಹೋಗಿ ಹಳದಿ ತಿರುಗುತ್ತದೆ, ಬೀಜ ಗಟ್ಟಿಯಾಗಿ ಕಹಿ ಏರುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ತಗ್ಗು ಮತ್ತೆ ಎದ್ದರೆ ತನ್ನಿ.

ಐದನೇ ದಾರಿಯನ್ನೂ ನೋಡುತ್ತಿದ್ದೇನೆ. ಮಾಳಿಗೆಯ ಮೇಲೆ ಎರಡು ಕುಂಡದಲ್ಲಿ ಮುಳ್ಳು ಬದನೆ ಸಸಿ ಇದೆ. ಮೊದಲು ಹೂವು ಬಿಟ್ಟರೂ ಕಾಯಿ ಕಟ್ಟಲಿಲ್ಲ. ಹತ್ತಿರದಿಂದ ನೋಡಿದಾಗ ಹೂವುಗಳಲ್ಲೇ ವ್ಯತ್ಯಾಸ ಕಂಡಿತು. ಕೆಲವದರಲ್ಲಿ ನಡುವಿನ ಹಸಿರು ಕಡ್ಡಿ ಹಳದಿ ಕೇಸರಗಳಿಗಿಂತ ಉದ್ದ ಹೊರಗೆ ಚಾಚಿರುತ್ತದೆ, ಕಾಯಿ ಕಟ್ಟುವುದು ಅವೇ. ಕಡ್ಡಿ ಒಳಗೇ ಅಡಗಿದ ಹೂವು ಉದುರಿಹೋಗುತ್ತದೆ. ಇನ್ನೊಂದು, ಬದನೆಯ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ಜೇನುಹುಳಕ್ಕೆ ಅದನ್ನು ಅಲುಗಿಸುವುದು ಬರುವುದಿಲ್ಲ. ದಪ್ಪ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ ಗುಂಯ್ ಅಂತ ನಡುಗಿಸಿದಾಗ ಪುಡಿ ಉದುರುತ್ತದೆ. ಒಂದು ಬೆಳಿಗ್ಗೆ ಅದನ್ನು ಕಣ್ಣಾರೆ ನೋಡಿದೆ, ಆ ಸದ್ದಿಗೆ ಇಡೀ ಟೊಂಗೆ ನಡುಗುತ್ತಿತ್ತು. ದುಂಬಿ ಬರದ ದಿನ ನಾನೇ ಬೆರಳಿನಿಂದ ಹೂವಿನ ಬುಡಕ್ಕೆ ತಟ್ಟುತ್ತೇನೆ. ಇದುವರೆಗೆ ಒಂಬತ್ತು ಕಾಯಿ ಸಿಕ್ಕಿದೆ.

ರೇಟಿನಲ್ಲಿ ಮುಳ್ಳು ಬದನೆ ನನಗೆ ಪಾವು ಕಿಲೋಗೆ ಐದು ರೂಪಾಯಿ ಜಾಸ್ತಿ ಬೀಳುತ್ತದೆ. ಅರ್ಧ ಕಿಲೋಗೆ ಹತ್ತು. ಆದರೆ ಮೂರು ಚಮಚ ಕುಸುಬಿ ಎಣ್ಣೆ ಉಳಿಯುತ್ತದೆ, ಗ್ಯಾಸೂ ಉಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿ ಕಟ್ಟಿ ಮನೆ ಬಿಡುವ ನನ್ನಂಥವಳಿಗೆ ಹದಿನೈದು ನಿಮಿಷದಲ್ಲಿ ಬೇಯುವ ಕಾಯಿಯೇ ಬೇಕು. ದೊಡ್ಡ ಸಂಸಾರ, ಸಾರಿಗೆ ಪಲ್ಯಕ್ಕೆ ಹೋಳು ಜಾಸ್ತಿ ಬೇಕು ಅನ್ನುವವರು ಗುಂಡು ಬದನೆ ತರಬಹುದು, ಹಬೆ ಕೊಟ್ಟು ಮಾಡಿ.

ಈ ಸಲ ಎಳ್ಳು ಅಮಾವಾಸ್ಯೆಯ ಹಿಂದಿನ ದಿನಕ್ಕೆ ಅರ್ಧ ದಿನ ರಜೆ ಹಾಕಿಟ್ಟಿದ್ದೇನೆ. ಕಣ್ಣಿ ಮಾರ್ಕೆಟ್‌ನಲ್ಲಿ ಕೂರುವ ಆ ಅಕ್ಕನಿಗೂ ಹೇಳಿ ಬಂದಿದ್ದೇನೆ. "ಎರಡು ಕಿಲೋ ತೆಗ್ದಿಡ್ತೀನ್ರಿ ಅಕ್ಕಾರ, ಎಲ್ಲಾ ಎಳಸೇ ಹಾಕ್ತೀನಿ" ಅಂದಿದ್ದಾಳೆ.