ಒಂದೇ ಬೀದಿ, ಎರಡು ಕ್ಯಾಮೆರಾ: ದಾವಣಗೆರೆಯಲ್ಲಿ ಮೊಬೈಲನ್ನೂ 50 ಎಂಎಂ ಲೆನ್ಸನ್ನೂ ಹೋಲಿಸಿ ನೋಡಿದ್ದು

ಬೆಳಗ್ಗೆ ಏಳೂವರೆಗೆ ನಮ್ಮ ಬೀದಿ ಮೂಲೆಯ ಬೆಣ್ಣೆ ದೋಸೆ ಹೋಟೆಲಿಗೆ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಕಟ್ಟಿಗೆ ಒಲೆಯ ಹೊಗೆ, ಕಾದ ಕಲ್ಲಿಗೆ ನೀರು ಚಿಮುಕಿಸಿದಾಗ ಏಳುವ ಆವಿ, ಎರಡೂ ಆ ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತವೆ. ಹದಿನೈದು ನಿಮಿಷ ಅಷ್ಟೇ. ಅದನ್ನು ಹಿಡಿಯಬೇಕು ಅನ್ನೋ ಆಸೆಯಿಂದಲೇ ನಾನು ಫೋಟೋ ತೆಗೆಯೋದನ್ನು ಸರಿಯಾಗಿ ಕಲಿಯಲು ಕೂತೆ.

ಮೊಬೈಲ್ ಸಾಕಾ, ಕ್ಯಾಮೆರಾ ಬೇಕಾ? ಕೇಳಿದವರೆಲ್ಲ ಬೇರೆ ಬೇರೆ ಹೇಳಿದರು. ಕೊನೆಗೆ ಒಂದು ತಿಂಗಳು ಬರೀ ಮೊಬೈಲು, ಇನ್ನೊಂದು ತಿಂಗಳು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಮತ್ತು 50 ಎಂಎಂ ಎಫ್ 1.8 ಲೆನ್ಸು ಅಂತ ಗೊತ್ತು ಮಾಡಿಕೊಂಡೆ. ಎಂಎಂ ಹೆಚ್ಚಾದಷ್ಟೂ ಲೆನ್ಸಿನ ನೋಟ ಕಿರಿದು, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ. ಜಾಗಗಳು ಅವೇ, ಹೊತ್ತೂ ಅದೇ.

ದೋಸೆ ಹೋಟೆಲಿನಿಂದಲೇ ಶುರು ಮಾಡ್ತೀನಿ. ಮೊಬೈಲಿನ ಮೊದಲ ಫೋಟೋಗಳಲ್ಲಿ ಹೊಗೆಯೇ ಇರಲಿಲ್ಲ! ಎಚ್‌ಡಿಆರ್ ಅಂದರೆ ಬೆಳಕು-ಕತ್ತಲೆಯನ್ನು ಮೊಬೈಲ್ ತಾನೇ ಸರಿದೂಗಿಸುವ ವಿಧಾನ. ಅದು ಕತ್ತಲ ಮೂಲೆಯನ್ನೆಲ್ಲ ಬೆಳಗಿಸಿಬಿಡುತ್ತದೆ. ಹಿಂದಿನ ಗೋಡೆ ಬೆಳ್ಳಗಾದರೆ ಹೊಗೆ ಎಲ್ಲಿ ಕಾಣಬೇಕು? ಪರದೆಯನ್ನು ಒತ್ತಿ ಹಿಡಿದು, ಬೆಳಕಿನ ಗುರುತನ್ನು ಕೆಳಗೆ ಎಳೆದ ಮೇಲೆ ಹೊಗೆ ಎದ್ದು ಬಂತು. ಬೆಳಕು ಹೊಗೆಯ ಹಿಂದಿನಿಂದ ನಮ್ಮ ಕಡೆಗೆ ಬರಬೇಕು, ಹೊಗೆಯ ಬೆನ್ನಿಗೆ ಕಪ್ಪು ಗೋಡೆ ಇರಬೇಕು. ಇಷ್ಟು ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು. ಕ್ಯಾಮೆರಾದಲ್ಲಿ ಎಕ್ಸ್‌ಪೋಷರನ್ನು (ಫೋಟೋಕ್ಕೆ ಸಿಗುವ ಬೆಳಕನ್ನು) ಮೈನಸ್ 1ಕ್ಕೆ ಇಳಿಸಿದರೆ ಸಾಕು, ಅದು ನನ್ನ ಮಾತನ್ನು ಮೀರಿ ಏನೂ ಮಾಡಲ್ಲ. ಹೊಗೆಯ ಪದರ ಪದರವೂ ಸಿಕ್ಕಿತು.

ಆದರೆ ಆ ಹೋಟೆಲ್ ಹತ್ತಡಿ ಅಗಲ. 50 ಎಂಎಂನಲ್ಲಿ ದೋಸೆ ಹೊಯ್ಯುವವರ ಮುಖ ಬಂದರೆ ಕಲ್ಲು ಇಲ್ಲ, ಕಲ್ಲು ಬಂದರೆ ಮುಖ ಇಲ್ಲ. ಹೆಸರಾಂತ ಫೋಟೋಗ್ರಾಫರ್ ಕಾರ್ಟಿಯೆ-ಬ್ರೆಸ್ಸಾನ್ ಹೆಚ್ಚಾಗಿ 50 ಎಂಎಂ ಲೆನ್ಸನ್ನೇ ಬಳಸುತ್ತಿದ್ದರು ಅಂತ ತಿಳಿದು ಅದನ್ನೇ ಕೊಂಡಿದ್ದೆ. ಅವರದು 35 ಎಂಎಂ ಅಗಲದ ಫಿಲ್ಮ್ ಹಾಕುವ ಲೈಕಾ ಕ್ಯಾಮೆರಾ. ನನ್ನದು ಎಪಿಎಸ್-ಸಿ ಕ್ಯಾಮೆರಾ, ಬೆಳಕು ಹಿಡಿಯುವ ಸೆನ್ಸರ್ ಆ ಫಿಲ್ಮಿಗಿಂತ ಚಿಕ್ಕದು, ನೋಟದ ನಡುಭಾಗವಷ್ಟೇ ಅದಕ್ಕೆ ಸಿಗುತ್ತದೆ. ಇದರಲ್ಲಿ 50 ಎಂಎಂ ಅಂದರೆ 75 ಎಂಎಂನ ನೋಟ. ಅವರ ನೋಟ ಬೇಕಿದ್ದರೆ ನಾನು 35 ಎಂಎಂ ಲೆನ್ಸು ಕೊಳ್ಳಬೇಕಿತ್ತು. ಇಕ್ಕಟ್ಟಾದ ಓಣಿಗಳ ಊರಲ್ಲಿ ಈ ಲೆಕ್ಕ ತುಂಬಾ ಮುಖ್ಯ, ಕೊಳ್ಳುವ ಮೊದಲೇ ಹಾಕಿಕೊಳ್ಳಿ. ಮೊಬೈಲಿನ ಮುಖ್ಯ ಲೆನ್ಸ್ ಅವರ ಕ್ಯಾಮೆರಾದಲ್ಲಿ ಸುಮಾರು 24ರಿಂದ 26 ಎಂಎಂ ಲೆನ್ಸು ತೋರಿಸುವಷ್ಟು ಅಗಲದ ನೋಟ ಕೊಡುತ್ತದೆ. ಒಲೆ, ಕಲ್ಲು, ಮುಖ, ಕಿಟಕಿ ಎಲ್ಲ ಅದರಲ್ಲಿ ಸಿಕ್ಕವು.

ಜಯದೇವ ಸರ್ಕಲ್ಲಿನಲ್ಲಿ ಆಟೋಗಳನ್ನು ಪ್ಯಾನ್ ಮಾಡಿದ ಕಥೆ ಬೇರೆ. ಪ್ಯಾನಿಂಗ್ ಅಂದರೆ ಓಡುವ ಗಾಡಿಯ ಜೊತೆಗೇ ಕ್ಯಾಮೆರಾವನ್ನೂ ತಿರುಗಿಸುತ್ತಾ ಕ್ಲಿಕ್ ಮಾಡುವುದು. ಗಾಡಿ ಸ್ಪಷ್ಟ, ಹಿಂದಿನ ಅಂಗಡಿಗಳೆಲ್ಲ ಬಣ್ಣದ ಗೆರೆ. ಸಂಜೆ ಐದೂವರೆಗೆ ಕ್ಯಾಮೆರಾದಲ್ಲಿ 1/20 ಸೆಕೆಂಡ್, ಎಫ್ 11, ಐಎಸ್‌ಒ 100 ಇಟ್ಟೆ. ಅಂದರೆ ಶಟರ್, ಬೆಳಕನ್ನು ಒಳಬಿಡುವ ಬಾಗಿಲು, ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತೆರೆದಿರುತ್ತದೆ; ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋದು. ಮೂವತ್ತರಲ್ಲಿ ಮೂರು ಚೆನ್ನಾಗಿ ಬಂದವು. ಎಲ್ಲವನ್ನೂ ನಾವೇ ಹೊಂದಿಸುವ ಮೊಬೈಲಿನ ಪ್ರೊ ಮೋಡಿನಲ್ಲಿ ಅದೇ 1/20 ಇಟ್ಟರೆ ಪರದೆ ಪೂರ್ತಿ ಬಿಳಿ. ನನ್ನ ಫೋನಿನ ಲೆನ್ಸಿಗೆ ಬಾಯಿ ಕಿರಿದು ಮಾಡೋಕೆ ಬರಲ್ಲ, ಬಂದ ಬೆಳಕೆಲ್ಲ ಒಳಗೆ. ಕತ್ತಲು ಇಳಿದ ಮೇಲೆ ಕಾದು ನಿಂತು ಒಂದೆರಡು ತೆಗೆದೆ, ಅಷ್ಟೇ. ಚಲನೆಯನ್ನು ಕಲಿಯಬೇಕು ಅಂದರೆ ಕ್ಯಾಮೆರಾನೇ ಸರಿ. ಇದರಲ್ಲಿ ನನಗೆ ಅನುಮಾನ ಇಲ್ಲ.

ಮಂಡಕ್ಕಿ ಭಟ್ಟಿಯಲ್ಲೂ ಇದೇ ಆಯಿತು. ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣಕ್ಕೆ ಅರಳಿ ಮೇಲೇಳುತ್ತದೆ. ಮೊಬೈಲಿನ ನೈಟ್ ಮೋಡ್ ಹಲವು ಫ್ರೇಮುಗಳನ್ನು ಸೇರಿಸಿ ಒಂದು ಫೋಟೋ ಮಾಡುತ್ತದೆ. ನಿಂತ ಗೋಡೆಗೆ ಅದು ಒಳ್ಳೆಯದು, ಜರಡಿ ಆಡಿಸುವ ಕೈಗೆ ಅಲ್ಲ. ಕೈ ಮಸುಕು, ಮಂಡಕ್ಕಿ ಬರೀ ಮಂಜು. ಕ್ಯಾಮೆರಾದಲ್ಲಿ ಎಫ್ 1.8, ಐಎಸ್‌ಒ 3200, 1/250 ಇಟ್ಟಾಗ ಒಂದೊಂದು ಕಾಳೂ ಗಾಳಿಯಲ್ಲಿ ನಿಂತಿತು. ಸ್ವಲ್ಪ ಚುಕ್ಕೆ ಚುಕ್ಕೆಯಾಗಿ ನಾಯ್ಸ್ ಇದೆ, ಇರಲಿ. ಆ ಶಾಖದಲ್ಲಿ ದಿನವಿಡೀ ದುಡಿಯುವವರನ್ನು ಕೇಳದೆ ಫೋಟೋ ತೆಗೆಯಬೇಡಿ. ಮೊದಲ ದಿನ ನಾನು ಕ್ಯಾಮೆರಾವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ, ಸುಮ್ನೆ ಕೂತು ಮಾತಾಡಿ ಬಂದೆ.

ಜನರ ವಿಷಯಕ್ಕೆ ಬಂದರೆ ತಕ್ಕಡಿ ಮೊಬೈಲ್ ಕಡೆಗೇ ವಾಲುತ್ತದೆ. ನಮ್ಮ ಬೀದಿಯಲ್ಲಿ ಹೂ ಮಾರುವ ಅಜ್ಜಿ ಇದ್ದಾರೆ. ತೆಗೀಲಾ ಅಂತ ಕೇಳಿ ಮೊಬೈಲ್ ಹಿಡಿದಾಗ ಅವರು ಮಲ್ಲಿಗೆ ಕಟ್ಟುತ್ತಾ, ಮಾತಾಡುತ್ತಾ ಇದ್ದಹಾಗೇ ಇದ್ದರು. ಕ್ಯಾಮೆರಾ ಹಿಡಿದ ಕೂಡಲೇ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು, ಮದುವೆ ಫೋಟೋಕ್ಕೆ ಕೂತಹಾಗೆ. ಆ ಗಂಭೀರ ಮುಖವೂ ಚೆಂದವೇ. ಆದರೆ ನನಗೆ ಬೇಕಾಗಿದ್ದದ್ದು ಬೆರಳುಗಳ ಓಟ. ಅದು ಕ್ಯಾಮೆರಾಕ್ಕೆ ಸಿಗಲು ಒಂಬತ್ತು ದಿನ ಹಿಡಿಯಿತು. ಎರಡು ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟ ಮೇಲೆ ಅವರಿಗೆ ಕ್ಯಾಮೆರಾ ಕಂಡರೆ ಏನೂ ಅನಿಸುತ್ತಿಲ್ಲ.

ಮಳೆ ನಿಂತ ಮೇಲಿನ ನೀರಿನ ಗುಂಡಿಗೂ ಮೊಬೈಲೇ ಬೇಕು. ಅದನ್ನು ತಲೆಕೆಳಗು ಮಾಡಿ ಲೆನ್ಸನ್ನು ನೀರಿಗೆ ಒಂದು ಬೆರಳಿನಷ್ಟು ಹತ್ತಿರ ಹಿಡಿದರೆ, ಅಂಗೈ ಅಗಲದ ನೀರಲ್ಲಿ ಇಡೀ ಬೀದಿ ಕಾಣುತ್ತದೆ. ಕುಂದವಾಡ ಕೆರೆಯ ಹಕ್ಕಿಗಳಿಗೆ ಎರಡೂ ಸಾಲದು, ಅದಕ್ಕೆ ಉದ್ದದ ಲೆನ್ಸೇ ಬೇಕು.

ಹಣ ಹಾಳಾದ ಮಾತನ್ನೂ ಹೇಳಿಬಿಡ್ತೀನಿ. ನಾನು ಮೊದಲು ಕೊಂಡ ಹಳೇ ಲೆನ್ಸಿನೊಳಗೆ ಫಂಗಸ್ ಇತ್ತು. ಮಾರಿದವರು ಹೇಳಲಿಲ್ಲ, ನಾನೂ ನೋಡಲಿಲ್ಲ. ಬಿಸಿಲಿಗೆ ಎದುರಾಗಿ ತೆಗೆದಾಗ ಫೋಟೋ ಎಲ್ಲ ಮಬ್ಬು. ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಬಿಟ್ಟು ಬನ್ನಿ.

ಹೊಸದಾಗಿ ಕಲಿಯುವವರು ಕೇಳಿದರೆ ನಾನು ಹೇಳೋದು ಇದು: ಮೊದಲ ಮೂರು ತಿಂಗಳು ಮೊಬೈಲು ಸಾಕು, ಆದರೆ ಜೂಮ್ ಮುಟ್ಟಬೇಡಿ, ಬೆಳಕನ್ನು ನೀವೇ ಏರಿಸಿ ಇಳಿಸಿ. ದಿನಾ ಒಂದೇ ಬೀದಿಗೆ ಹೋಗಿ. ನಡುವೆ ಎರಡು ಭಾನುವಾರ ನಾನು ಚಿತ್ರದುರ್ಗದ ಕೋಟೆಗೂ ಹೋಗಿದ್ದೆ. ಕಲ್ಲು ಬಂಡೆ ಎಲ್ಲ ಎಷ್ಟು ಚೆಂದ ಅಂದರೆ, ಹೇಗೆ ತೆಗೆದರೂ ಫೋಟೋ ಚೆನ್ನಾಗಿ ಬರುತ್ತಿತ್ತು. ನನ್ನ ತಪ್ಪು ಎಲ್ಲಿದೆ ಅನ್ನೋದೇ ತಿಳಿಯಲಿಲ್ಲ. ಮನೆ ಮುಂದಿನ ಬೀದಿಯಲ್ಲಿ ನಿನ್ನೆ ಬಾರದ್ದು ಇವತ್ತು ಯಾಕೆ ಬಂತು ಅಂತ ಗೊತ್ತಾಗುತ್ತದೆ, ಅಲ್ವಾ? ಓಡುವ ಗಾಡಿ, ಕತ್ತಲಲ್ಲಿ ಆಡುವ ಕೈ ನಿಮ್ಮನ್ನು ಕಾಡತೊಡಗಿದಾಗ ಕ್ಯಾಮೆರಾ ಕೊಳ್ಳಿ.

ಅಜ್ಜಿಯ ಫೋಟೋ ನೋಡಿದ ಪಕ್ಕದ ಚಹಾ ಅಂಗಡಿಯವರು ತಮಗೂ ಒಂದು ಪ್ರಿಂಟ್ ಬೇಕು ಅಂದಿದ್ದಾರೆ. ಅಲ್ಲಿರೋದು ಹಳೇ ಚೋಕಿನ ಒಂದೇ ಟ್ಯೂಬ್‌ಲೈಟು. ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಅದಕ್ಕಿಂತ ವೇಗವಾದರೆ ಬೆಳಕು ಫೋಟೋದಿಂದ ಫೋಟೋಕ್ಕೆ ಬದಲಾಗುತ್ತದೆ. ನಾಳೆ ಸಂಜೆ 50 ಎಂಎಂ ಹಾಕಿಕೊಂಡು, 1/100ಕ್ಕೆ ಇಟ್ಟುಕೊಂಡು ಹೋಗ್ತೀನಿ.