ಆರು ತಿಂಗಳಿಗೆ ಹೋಗಿ ಮರಳುವವರ ಸಾಮಾನು: ಭಿವಂಡಿಯ ಒಂದು ಗೋದಾಮು ಸೇವೆ

ಮುಂಬೈಯ ಕಾನ್ಸುಲೇಟೊಂದರ ಅಧಿಕಾರಿಯನ್ನು ಆರು ತಿಂಗಳ ಮಟ್ಟಿಗೆ ಬೇರೆ ದೇಶದ ಕಚೇರಿಗೆ ಕಳಿಸಿದರೆ, ಮನೆ ಖಾಲಿ ಮಾಡಿಸುವ ಹೊಣೆ ಬೀಳುವುದು ಆಡಳಿತ ವಿಭಾಗದವರ ತಲೆಗೆ. ಅಂಥ ಕುರ್ಚಿಯಲ್ಲಿ ಕೂತ ಕನ್ನಡಿಗರಿಗೆ ಈ ವಿಮರ್ಶೆ. ಅಂಧೇರಿಯಲ್ಲಿ ಕಚೇರಿ, ಭಿವಂಡಿಯಲ್ಲಿ ಗೋದಾಮು ಇರುವ ಸೇವೆ ಇದು. ಸಾಮಾನು ಕಟ್ಟುವ ಕೈ ಚೆನ್ನಾಗಿದೆ, ಕಾಗದಪತ್ರದ ಕೈ ಸಡಿಲ.

ಕಾಯಂ ವರ್ಗಾವಣೆಯಲ್ಲಿ ಎಲ್ಲವೂ ಒಂದೇ ಕಂಟೇನರ್ ಹತ್ತಿ ನ್ಹಾವಾ ಶೇವಾ ಬಂದರಿಗೆ ಹೋಗುತ್ತದೆ. ಮರಳಿ ಬರುವವರದು ಹಾಗಲ್ಲ: ವಿಮಾನಕ್ಕೊಂದು ರಾಶಿ, ಗೋದಾಮಿಗೊಂದು, ಸೂಟ್‌ಕೇಸಿಗೊಂದು. ಇವರು ಮೂರಕ್ಕೂ ಮೂರು ಬಣ್ಣದ ಚೀಟಿ ಅಂಟಿಸುತ್ತಾರೆ, ಒಳ್ಳೆಯ ಪದ್ಧತಿ. ಆದರೆ ಚೀಟಿ ಅಂಟುವುದು ಡಬ್ಬ ಮುಚ್ಚಿದ ಮೇಲೆ. ಅಷ್ಟರಲ್ಲಿ ಚಳಿ ಕೋಟು ಗೋದಾಮಿನ ಡಬ್ಬದ ತಳ ಸೇರಿರುತ್ತದೆ. ಹಿಂದಿನ ದಿನವೇ ಮೂರು ಕೋಣೆಗಳಲ್ಲಿ ವಿಂಗಡಿಸಿಟ್ಟು, ಸೂಟ್‌ಕೇಸಿನ ಕೋಣೆಗೆ ಬೀಗ ಹಾಕಿಬಿಡಿ.

ವಿಮಾನದ ಬಿಲ್ಲಿನಲ್ಲಿ ತೂಕಕ್ಕಿಂತ ಗಾತ್ರ ಮೋಸ ಮಾಡುತ್ತದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. 100×60×50ರ ಡಬ್ಬಕ್ಕೆ 50 ಕಿಲೋ ಲೆಕ್ಕ, ಒಳಗಿರುವುದು 15 ಕಿಲೋ ದಿಂಬೇ ಆದರೂ. ಸರ್ವೇಗೆ ಬಂದವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ.

ಕೆಲಸಗಾರರಲ್ಲಿ ವಿಜಯಪುರ, ಕಲಬುರಗಿ ಕಡೆಯವರಿದ್ದಾರೆ, ಮುಕಾದಮನ ಹತ್ತಿರ ಕನ್ನಡದಲ್ಲೇ ಮಾತು ಸಾಗುತ್ತದೆ. ಗಾಜಿನ ಲೋಟಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಾರೆ. ತಟ್ಟೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಇಷ್ಟು ನೋಡಿದರೆ ಸಾಕು, ಕೈ ಪಳಗಿದೆ ಎಂದು ತಿಳಿಯುತ್ತದೆ. ಎಡವುವುದು ಯಂತ್ರಗಳಲ್ಲಿ. ಮುಂಬಾಗಿಲಿನ ವಾಷಿಂಗ್ ಮೆಷೀನಿನ ಡ್ರಮ್ಮನ್ನು ಹಿಂದಿನಿಂದ ಉದ್ದ ಬೋಲ್ಟ್ ಹಾಕಿ ಬಿಗಿಯಬೇಕು. ಬಿಗಿಯದಿದ್ದರೆ ಭಿವಂಡಿ ರಸ್ತೆಯ ಗುಂಡಿಗಳೇ ಡ್ರಮ್ಮಿನ ಸ್ಪ್ರಿಂಗನ್ನು ಕಳಚುತ್ತವೆ. 'ಅಣ್ಣಾ, ಬೋಲ್ಟ್ ಎಲ್ಲಿ?' ಎಂದು ಕೇಳದೆ ಲಾರಿ ಹತ್ತಿಸಬೇಡಿ. ಫ್ರಿಜ್ಜನ್ನು ಒಂದು ದಿನ ಮೊದಲೇ ಆರಿಸಿ, ಒರೆಸಿ, ಬಾಗಿಲು ತೆರೆದಿಡಿ. ರಿಮೋಟು, ಗೋಡೆ ಗಡಿಯಾರಗಳ ಸೆಲ್ ತೆಗೆಯಿರಿ, ಆರು ತಿಂಗಳಲ್ಲಿ ಸೋರಿ ಸ್ಪ್ರಿಂಗು ಹಸಿರಾಗುತ್ತದೆ.

ಗೋದಾಮಿನಲ್ಲಿ ಎರಡು ಬಗೆ: ತೆರೆದ ರ‍್ಯಾಕು ಮತ್ತು ಮುಚ್ಚಿದ ಮರದ ಪೆಟ್ಟಿಗೆ. ಸಾಮಾನು ಗೋದಾಮಿನಲ್ಲಿರುವ ಅವಧಿ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬರುವುದಾದರೆ ಎರಡನೆಯದೇ ಆಗಲಿ. ಹಾಸಿಗೆಗೆ, ಚರ್ಮದ ಸೋಫಾಗೆ ಇವರು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುತ್ತಾರೆ. ನೋಡಲು ಅಚ್ಚುಕಟ್ಟು, ಆದರೆ ಮುಂಬೈ ಮಳೆಯ ತೇವ ಒಳಗೇ ಸಿಕ್ಕಿಬಿದ್ದು ಬೂಷ್ಟು ಹಿಡಿಯುತ್ತದೆ. ಮೊದಲು ಬಟ್ಟೆ ಅಥವಾ ಕಾಗದದ ಪದರ, ಒಳಗೆ ಸಿಲಿಕಾ ಜೆಲ್, ಪ್ಲಾಸ್ಟಿಕ್ ಹೊರಗೆ ಸಡಿಲವಾಗಿ ಎಂದು ಬರೆದೇ ಕೊಡಿ. ವಿಮೆಯಲ್ಲಿ ಬೂಷ್ಟಿನ ನಷ್ಟ ಸಾಮಾನ್ಯವಾಗಿ ಸೇರಿರುವುದಿಲ್ಲ; ಬೇಕಾದರೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಮನೆಯವರೇ ಕಟ್ಟಿದ ಡಬ್ಬವನ್ನು ಸಾಮಾನಿನ ಪಟ್ಟಿಯಲ್ಲಿ 'ಪಿಬಿಒ' (ಪ್ಯಾಕ್ಡ್ ಬೈ ಓನರ್) ಎಂದು ಗುರುತಿಸುತ್ತಾರೆ, ಅದರೊಳಗೆ ಒಡೆದದ್ದಕ್ಕೆ ಪರಿಹಾರ ಸಿಗುವುದು ಕಷ್ಟ. ಅಡುಗೆಮನೆಯ ಡಬ್ಬಗಳನ್ನು ಮನೆಯವರು ಮುಟ್ಟದಿರಲಿ.

ಪಟ್ಟಿಯೇ ಇವರ ದೊಡ್ಡ ದೋಷ. 'ಕಿಚನ್ ಐಟಂ, 1 ಡಬ್ಬ' ಎಂದು ಬರೆದರೆ ಮರಳಿ ಬಂದಾಗ ಕಾಣೆಯಾದದ್ದನ್ನು ಯಾವ ಬಾಯಲ್ಲಿ ಕೇಳುವುದು? ಡಬ್ಬದ ಸಂಖ್ಯೆ, ಒಳಗಿನ ಮುಖ್ಯ ವಸ್ತು, ಈಗಾಗಲೇ ಇರುವ ಗೀರು, ಬಿರುಕು ಇಷ್ಟೂ ಬರೆಯುವವರೆಗೆ ಸಹಿ ಹಾಕಬೇಡಿ.

'ಡಿಪ್ಲೊಮ್ಯಾಟ್ ಸಾಮಾನು, ಕಸ್ಟಮ್ಸ್‌ನವರು ಮುಟ್ಟುವುದಿಲ್ಲ' ಎಂಬ ಇವರ ಭರವಸೆ ನಂಬುವಂಥದ್ದಲ್ಲ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 50ನೇ ವಿಧಿ ತಪಾಸಣೆಯಿಂದ ಬಿಡುವುದು ಅಧಿಕಾರಿಯ ಜೊತೆಗೇ ಸಾಗುವ ಖಾಸಗಿ ಸಾಮಾನನ್ನು. ಗಂಭೀರ ಕಾರಣವಿದ್ದರೆ ಅದನ್ನೂ ಅವರ ಎದುರಿಗೇ ತೆರೆಯಬಹುದು. ಇನ್ನು ಕಾನ್ಸುಲರ್ ಚೀಲದಲ್ಲಿ ಮನೆಯ ವಸ್ತು ತುರುಕುವಂತಿಲ್ಲ, 35ನೇ ವಿಧಿಯ ಪ್ರಕಾರ ಅದು ಸರ್ಕಾರಿ ಕಾಗದ ಮತ್ತು ಕಚೇರಿ ವಸ್ತುಗಳಿಗೆ ಮಾತ್ರ. ಚೋರ್ ಬಜಾರಿನಲ್ಲಿ ಕೊಂಡ ಹಿತ್ತಾಳೆ ದೀಪ ನೂರು ವರ್ಷ ಹಳೆಯದಾಗಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಹೊಸದೇ ಆದರೂ ಹಳೆಯದರಂತೆ ಕಂಡರೆ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಮಾಡಿಸಿಕೊಳ್ಳಿ, ಇಲ್ಲವೇ ಅದನ್ನು ಗೋದಾಮಿನ ರಾಶಿಗೆ ಹಾಕಿ.

ವಿದೇಶಕ್ಕೆ ಹೋಗುವ ಪೆಟ್ಟಿಗೆಗೆ ಇವರು ಪ್ಲೈವುಡ್ ಬಳಸುತ್ತಾರೆ, ಅದಕ್ಕೆ ಮರದಲ್ಲಿ ಕೀಟವಿಲ್ಲವೆನ್ನುವ ಅಂತರರಾಷ್ಟ್ರೀಯ ಮುದ್ರೆ ಬೇಡ. ಆದರೆ ತಳಕ್ಕೆ ಬಡಿದ ಅಚ್ಚ ಮರದ ಪಟ್ಟಿಗೆ ಬೇಕು: ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎನ್ನುವ, 'ಎಚ್‌ಟಿ' ಅಕ್ಷರವಿರುವ ಐಎಸ್‌ಪಿಎಂ 15 ಮುದ್ರೆ. ಪೆಟ್ಟಿಗೆಯನ್ನು ಮಗುಚಿಸಿ ನೋಡಿ.

ಬಾಡಿಗೆ ಘನ ಮೀಟರಿಗೆ ತಿಂಗಳ ಲೆಕ್ಕ. ನಡುವೆ ಒಂದು ಡಬ್ಬ ತೆಗೆಸಿದರೆ ಅದಕ್ಕೆ ಬೇರೆ ದರ, ಅದನ್ನು ಕರಾರಿನ ಕೊನೆ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದಾರೆ. ಆ ಪುಟವನ್ನು ಮೊದಲು ಓದಿ. ಐದಕ್ಕೆ ಮೂರೂವರೆ, ಪಟ್ಟಿ ಬರೆಯಲು ನಿಮ್ಮವರೊಬ್ಬರು ಪಕ್ಕದಲ್ಲಿ ನಿಂತರೆ ನಾಲ್ಕು.