ಗ್ರೈಂಡರ್, ಗ್ಯಾಸ್, ಪ್ಲಾಸ್ಮಾ: ಒಂದೇ ಪ್ಲೇಟಿನ ಮೇಲೆ ಮೂರು ಗೆರೆ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಅಂಗಡಿ. ಟ್ರ್ಯಾಲಿ ರಿಪೇರಿ, ಗದ್ದೆಗೆ ಇಳಿಸುವ ಕೇಜ್ ವ್ಹೀಲ್, ರೈಸ್ ಮಿಲ್ಲಿನ ಎಲಿವೇಟರ್ ಕಾಲು, ಚೂಟ್, ಹಾಪರ್, ಇಂಥವೇ ಕೆಲಸ. ಹೋದ ಬೇಸಿಗೆ ಬೆಳೆಯ ಸುಗ್ಗಿ ಮುಗಿಯುವ ಹೊತ್ತಿಗೆ ಕಾರಟಗಿ ಕಡೆಯ ಮಿಲ್ಲಿನವರೊಬ್ಬರು 3 ಎಂ.ಎಂ. ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಹಾಳೆ ತಂದು ಇಳಿಸಿದರು. ನಡುವೆ ಒಂದಡಿ ಅಗಲದ ದುಂಡು ತೂತು ಬೇಕಂತೆ.

ನಮ್ಮ ಹುಡುಗ ರೂಢಿಯಂತೆ ಗ್ಯಾಸ್ ಟಾರ್ಚ್ ಹಚ್ಚಿದ. ಹಾಳೆ ಕೆಂಪಾಯಿತು, ಕರಗಿ ಉಂಡೆ ಕಟ್ಟಿತು, ಸುತ್ತ ನಾಲ್ಕು ಬೆರಳಗಲ ಸೊಟ್ಟಗಾಯಿತು, ತುಂಡಾಗಲಿಲ್ಲ. ಆಮೇಲೆ ನಾಲ್ಕಿಂಚಿನ ಗ್ರೈಂಡರ್ ಹಿಡಿದು ನಾನೇ ಸುತ್ತು ಹಾಕಿದೆ. ಆದದ್ದು ದುಂಡಲ್ಲ, ಇಪ್ಪತ್ತು ಮೂಲೆಯ ಆಕೃತಿ. ಮಿಲ್ಲಿನವರು ನೋಡಿ, "ಏನ್ರಿ ಇದು, ರೊಟ್ಟಿ ಹರದಂಗ ಮಾಡಿಟ್ಟೀರಿ" ಅಂದರು. ಹಾಳೆಯ ದುಡ್ಡು ನನ್ನ ತಲೆಗೆ ಬಂತು. ಕರೆಂಟಿನ ಆರ್ಕ್, ಅಂದರೆ ಬಿಡದೆ ಉರಿಯುವ ಕಿಡಿ, ಮತ್ತು ಒತ್ತಡದ ಗಾಳಿ ಸೇರಿಸಿ ಲೋಹ ಕೊಯ್ಯುವ ಪ್ಲಾಸ್ಮಾ ಕಟರ್ ನೋಡೇಬಿಡೋಣ ಅನ್ನಿಸಿದ್ದು ಆವತ್ತು.

ಮೊದಲು ಪರಿಚಯದವರ ಹಳೆಯ ಮೆಷಿನ್ ಒಂದು ವಾರಕ್ಕೆ ತಂದೆ. ಆಮೇಲೆ ನನ್ನದೇ ಒಂದು 40 ಆಂಪಿಯರಿನ ಸಿಂಗಲ್ ಫೇಸ್ ಇನ್ವರ್ಟರ್ ಮೆಷಿನ್ ಕೊಂಡೆ. ಬಂದ ದಿನವೇ 6 ಎಂ.ಎಂ. ಎಂ.ಎಸ್. (ಸಾದಾ ಕಬ್ಬಿಣದ) ಪ್ಲೇಟಿನ ಮೇಲೆ ಒಂದೊಂದು ಮೀಟರಿನ ಮೂರು ಗೆರೆ ಎಳೆದು, ಮೊಬೈಲಿನಲ್ಲಿ ಟೈಮ್ ಹಚ್ಚಿ, ಮೂರರಿಂದಲೂ ಕೊಯ್ದೆವು.

ಗ್ರೈಂಡರಿಗೆ 14 ನಿಮಿಷ ಮತ್ತು ಮೂರು ಕಟಿಂಗ್ ವ್ಹೀಲ್. ಗ್ಯಾಸಿಗೆ ಅಂಚು ಕಾಯಿಸುವುದೂ ಸೇರಿ ಎರಡೂವರೆ ನಿಮಿಷ, ಅಡಿಗೆ ಅಂಟಿದ ಕಿಟ್ಟ ಉಳಿಯಲ್ಲಿ ಬಡಿದು, ಉಜ್ಜಿ ಚೊಕ್ಕ ಮಾಡಲು ಮತ್ತೆ ಐದು. ಪ್ಲಾಸ್ಮಾಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್, ಕಿಟ್ಟ ಸುತ್ತಿಗೆಯ ಎರಡೇಟಿಗೆ ಉದುರಿತು.

ಇಷ್ಟು ಓದಿ ಪ್ಲಾಸ್ಮಾ ಗೆದ್ದಿತು ಅಂದುಕೊಂಡು ಅಂಗಡಿಗೆ ಓಡಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಒಂದು ಮೀಟರಿನ ನಂತರ ಎರಡನೇ ಮೀಟರಿಗೆ ಹೋದಾಗ ಅರ್ಧದಲ್ಲೇ ಕಿಡಿ ಅಡಿಯಿಂದ ಹೋಗುವುದು ಬಿಟ್ಟು ಮೇಲಕ್ಕೆ, ಮುಖಕ್ಕೇ ಎರಚತೊಡಗಿತು. ಮೆಷಿನ್ ಕೆಟ್ಟಿರಲಿಲ್ಲ. ಗಾಳಿ ಮುಗಿದಿತ್ತು.

ನನ್ನ ಹತ್ತಿರ ಇದ್ದದ್ದು ಪಂಕ್ಚರ್ ಅಂಗಡಿಯವರು ಇಟ್ಟುಕೊಳ್ಳುವಂಥ 1 ಎಚ್‌ಪಿ ಕಂಪ್ರೆಸರ್, 45 ಲೀಟರ್ ಟ್ಯಾಂಕ್. ಈ ಟಾರ್ಚಿಗೆ ಐದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 150 ಲೀಟರ್ ಗಾಳಿ ಬೇಕು. ಕಂಪ್ರೆಸರ್ ತುಂಬಿಸುವುದು ಹೆಚ್ಚೆಂದರೆ 80-90. ಟ್ಯಾಂಕಿನಲ್ಲಿ ಕೂಡಿಟ್ಟದ್ದು ಖರ್ಚಾಗಲು ಎರಡು ನಿಮಿಷ ಸಾಕು, ಆಮೇಲೆ ಸಾಲದ ಬದುಕು. 3 ಎಚ್‌ಪಿ ತಂದ ಮೇಲೆ ಈ ತೊಂದರೆ ನಿಂತಿತು. ಮೆಷಿನ್ನಿಗೆ ಕೊಟ್ಟ ದುಡ್ಡಿನ ಜೊತೆ ಕಂಪ್ರೆಸರಿನದೂ ಸೇರಿಸಿ ಲೆಕ್ಕ ಹಾಕದಿದ್ದರೆ ಅದು ಲೆಕ್ಕವೇ ಅಲ್ಲ.

ಗಾಳಿಯ ಇನ್ನೊಂದು ಕಾಟ ನೀರು. ಇಲ್ಲಿ ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟು ಸುತ್ತ ಗದ್ದೆ ತುಂಬಿದ ಮೇಲೆ ಗಾಳಿಯೇ ಹಸಿ. ಕಂಪ್ರೆಸರ್ ಆ ಹಸಿಯನ್ನು ಹಿಂಡಿ ಟ್ಯಾಂಕಿನ ತಳದಲ್ಲಿ ಇಳಿಸುತ್ತದೆ, ಉಳಿದದ್ದು ಪೈಪಿನಲ್ಲಿ ಟಾರ್ಚಿಗೆ ಬರುತ್ತದೆ. ಆಗಸ್ಟಿನಲ್ಲಿ ಒಂದೇ ದಿನ, ಟಾರ್ಚಿನೊಳಗೆ ಆರ್ಕ್ ಹೊತ್ತುವ ಎಲೆಕ್ಟ್ರೋಡ್ ಎರಡನ್ನು ತಿಂದು ಹಾಕಿತು. ಬಿಚ್ಚಿ ನೋಡಿದರೆ ತಾಮ್ರದ ತುದಿಯಲ್ಲಿರುವ ಹ್ಯಾಫ್ನಿಯಂ ಲೋಹದ ಚುಕ್ಕಿಯ ಜಾಗದಲ್ಲಿ ಗುಳಿ, ಆರ್ಕ್ ಹೊರಬರುವ ನಾಜಲಿನ ದುಂಡು ಕಣ್ಣು ಮೊಟ್ಟೆಯಾಕಾರ. ಹ್ಯಾಫ್ನಿಯಂ ಹಾಕುವುದಕ್ಕೆ ಕಾರಣವಿದೆ: ಟಿಗ್ ವೆಲ್ಡಿಂಗಿನ ಎಲೆಕ್ಟ್ರೋಡ್ ಆದ ಟಂಗ್‌ಸ್ಟನ್ ಲೋಹ ಆರ್ಗಾನ್ ಅನಿಲದ ಒಳಗೆ ಬದುಕುತ್ತದೆ, ಬರೀ ಗಾಳಿಗೆ ಇಟ್ಟರೆ ಅದರಲ್ಲಿರುವ ಆಮ್ಲಜನಕಕ್ಕೆ ಸುಟ್ಟುಹೋಗುತ್ತದೆ. ಹ್ಯಾಫ್ನಿಯಂ ತಡೆಯುತ್ತದೆ, ಆದರೆ ಪ್ರತಿ ಸಲ ಆರ್ಕ್ ಹೊತ್ತಿದಾಗಲೂ ಒಂದಿಷ್ಟು ಸವೆಯುತ್ತದೆ. ಹಾಗಾಗಿ ಸಾಮಾನು ಸವೆಸುವುದು ಉದ್ದ ಕೊಯ್ಲಿಗಿಂತ ಹೆಚ್ಚಾಗಿ ಪದೇ ಪದೇ ಟ್ರಿಗರ್ ಒತ್ತುವುದು. ನಮ್ಮ ಹುಡುಗನಿಗೆ ಟಿಕ್ ಟಿಕ್ ಅಂತ ಒತ್ತಿ ಕಿಡಿ ನೋಡುವ ಚಟವಿತ್ತು. ಎಲೆಕ್ಟ್ರೋಡ್, ನಾಜಲ್ ಜೋಡಿಯ ಬೆಲೆ ನೂರು ರೂಪಾಯಿಯ ಒಳಗೇ ಇದ್ದರೂ ದಿನಕ್ಕೆ ಎರಡು ಜೋಡಿ ಅಂದರೆ ಚಟ ಬಿಡಿಸಲೇಬೇಕು.

ಈಗ ಟ್ಯಾಂಕಿನ ತಳದ, ನೀರು ಹೊರಬಿಡುವ ಕಾಕ್ ಬೆಳಿಗ್ಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ ತೆಗೆಯುತ್ತೇವೆ. ಮೆಷಿನ್ನಿನ ಹಿಂದೆ ನೀರು ಹಿಡಿಯುವ ಫಿಲ್ಟರ್ ಒಂದಿದೆ, ಕಂಪ್ರೆಸರಿನ ಬಳಿ ಇನ್ನೊಂದು. ಕಂಪ್ರೆಸರನ್ನು ದೂರವಿಟ್ಟು ಪೈಪು ಉದ್ದ ಬಿಟ್ಟಿದ್ದೇನೆ, ದಾರಿಯಲ್ಲೇ ಗಾಳಿ ತಣ್ಣಗಾಗಿ ನೀರು ಬಿಡಲಿ ಅಂತ.

ಎರವಲು ತಂದ ಹಳೆಯ ಮೆಷಿನ್ನಿಗೂ ನನ್ನದಕ್ಕೂ ದೊಡ್ಡ ವ್ಯತ್ಯಾಸ ಪೈಲಟ್ ಆರ್ಕಿನದು. ಹಳೆಯದರಲ್ಲಿ ಅದಿಲ್ಲ, ನಾಜಲ್ ಲೋಹಕ್ಕೆ ತಾಗಿಸಿದರಷ್ಟೇ ಹೊತ್ತುತ್ತದೆ. ಬಣ್ಣ ಬಳಿದ ಟ್ರ್ಯಾಲಿ ಪಟ್ಟಿಗೆ, ತುಕ್ಕು ಹಿಡಿದ ಚೆಕ್ಕರ್ ಪ್ಲೇಟಿಗೆ ಹಿಡಿದರೆ ಸುಮ್ಮನೆ ಗಾಳಿ ಊದುತ್ತಾ ಕೂರುತ್ತದೆ. ಮೊದಲು ಗ್ರೈಂಡರಿನಲ್ಲಿ ಉಜ್ಜಿ ಹೊಳಪು ತರಬೇಕು. ಗ್ರೈಂಡರ್ ಹಿಡಿಯುವುದೇ ಆದರೆ ಪ್ಲಾಸ್ಮಾ ಯಾಕೆ? ಪೈಲಟ್ ಆರ್ಕ್ ಇದ್ದದ್ದು ನಾಜಲಿನೊಳಗೇ ಹೊತ್ತಿ ಹೊರಗೆ ಚಾಚುತ್ತದೆ, ಬಣ್ಣ, ತುಕ್ಕು ಲೆಕ್ಕಿಸುವುದಿಲ್ಲ. ಜಾಲರಿಯಂಥದ್ದನ್ನೂ ಆರ್ಕ್ ಆರದೆ ಕೊಯ್ಯಬಹುದು. ನಮ್ಮಂಥ ರಿಪೇರಿ ಅಂಗಡಿಗೆ ಇದಿಲ್ಲದ ಮೆಷಿನ್ ಕೊಳ್ಳುವುದು ದುಡ್ಡು ನಾಲೆಗೆ ಎಸೆದಂತೆ.

ಹಿಡಿಯುವ ಕೈಗೂ ಹೊಸ ಪಾಠ ಬೇಕಾಯಿತು. ಗ್ಯಾಸಿನವನ ಕೈ ಕಾಯುವ ಕೈ, ಕೆಂಪಾಗುವುದನ್ನು ನೋಡಿ ಮುಂದೆ ಸರಿಯುತ್ತದೆ. ಪ್ಲಾಸ್ಮಾದಲ್ಲಿ ನೋಡಬೇಕಾದದ್ದು ಅಡಿಯ ಕಿಡಿಯನ್ನು. ಅದು ನೇರ ಕೆಳಗೆ ಬೀಳದೆ ಸ್ವಲ್ಪ ಹಿಂದಕ್ಕೆ, ಹದಿನೈದು ಡಿಗ್ರಿಯಷ್ಟು ಬಾಲದಂತೆ ಬಾಗಿದ್ದರೆ ವೇಗ ಸರಿ. ಬಾಲ ತೀರಾ ಹಿಂದಕ್ಕೆ ಮಲಗಿದರೆ ಅವಸರ ಮಾಡುತ್ತಿದ್ದೀರಿ. ನಿಧಾನ ಮಾಡಿದರೆ ಅಡಿಯಲ್ಲಿ ದಪ್ಪ, ಬುರುಗು ಬುರುಗಾದ ಕಿಟ್ಟ ಕಟ್ಟುತ್ತದೆ, ಅದು ಸುಲಭವಾಗಿ ಉದುರುತ್ತದೆ. ಅವಸರದ ಕಿಟ್ಟ ತೆಳು ಗೆರೆಯಂತೆ ಅಂಟಿ ಗ್ರೈಂಡರಿಲ್ಲದೆ ಬಿಡುವುದಿಲ್ಲ. ಹೊಸಬರಿಗೆ ನಿಧಾನದ ತಪ್ಪೇ ವಾಸಿ.

ನಡುವೆ ತೂತು ಹಾಕುವಾಗ ಟಾರ್ಚನ್ನು ನೆಟ್ಟಗೆ ಹಿಡಿದು ಒತ್ತಿದರೆ ಕರಗಿದ ಕಬ್ಬಿಣ ಹೋಗಲು ದಾರಿಯಿಲ್ಲದೆ ನಾಜಲಿನ ಬಾಯಿಗೇ ಬರುತ್ತದೆ. ಮೊದಲು ಓರೆಯಾಗಿ ಹಿಡಿದು ಒತ್ತಿ, ಕಿಡಿ ಪಕ್ಕಕ್ಕೆ ಹಾರುತ್ತಿದ್ದಂತೆ ನಿಧಾನ ನೆಟ್ಟಗೆ ಮಾಡಬೇಕು. ಅಡಿಯಿಂದ ಕಿಡಿ ಬಂದ ಮೇಲೆಯೇ ಸರಿಯಬೇಕು. ಕೊಯ್ಲು ಮುಗಿದ ಮೇಲೂ ಹತ್ತಿಪ್ಪತ್ತು ಸೆಕೆಂಡ್ ಗಾಳಿ ಬರುತ್ತಲೇ ಇರುತ್ತದೆ, ಅದು ಟಾರ್ಚ್ ತಣಿಸಲು. ಕರೆಂಟು ಉಳಿಸುವ ಆಸೆಗೆ ಆಗಲೇ ಸ್ವಿಚ್ ಆರಿಸಬಾರದು.

ಒಂದು ಗುಟ್ಟು ನನಗೆ ಯಾರೂ ಹೇಳಿರಲಿಲ್ಲ, ಮೂರು ತುಂಡು ಹಾಳಾದ ಮೇಲೆ ಗೊತ್ತಾಯಿತು. ಹೆಚ್ಚಿನ ಟಾರ್ಚ್‌ಗಳಲ್ಲಿ ಗಾಳಿ ಸುಳಿ ತಿರುಗುತ್ತಾ ಹೊರಬರುತ್ತದೆ. ಅದರಿಂದ ನೀವು ಸಾಗುವ ದಿಕ್ಕಿನ ಬಲಗಡೆಯ ಅಂಚು ನೆಟ್ಟಗೆ, ಎಡಗಡೆಯದು ಓರೆ. ಬೇಕಾದ ತುಂಡು ಯಾವಾಗಲೂ ಬಲಕ್ಕಿರಲಿ. ದುಂಡು ತಟ್ಟೆ ಬೇಕಾದರೆ ಪ್ರದಕ್ಷಿಣೆ, ದುಂಡು ತೂತು ಬೇಕಾದರೆ ಅಪ್ರದಕ್ಷಿಣೆ. ಮಿಲ್ಲಿನವರ ಎಸ್.ಎಸ್. ತೂತನ್ನು ಕೊನೆಗೆ ಹಾಗೇ ಸುತ್ತಿದೆ, ಒಳಗೊಂದು ಕಬ್ಬಿಣದ ಬಳೆ ಇಟ್ಟು, ಅದಕ್ಕೆ ಟಾರ್ಚಿನ ಮೂಗು ಆನಿಸಿ. ಮೂಗಿನ ಅರ್ಧ ಅಗಲ ಲೆಕ್ಕಕ್ಕೆ ಹಿಡಿದು ಬಳೆ ಚಿಕ್ಕದು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ತೂತು ದೊಡ್ಡದಾಗುತ್ತದೆ. ಒಂದು ನಿಮಿಷದ ಕೆಲಸ. ಹಾಳೆ ಒಂದಿಷ್ಟೂ ಸೊಟ್ಟಗಾಗಲಿಲ್ಲ.

ಅದೇ ಎಸ್.ಎಸ್. ಮೇಲೆ ಗ್ಯಾಸ್ ಸೋತದ್ದೇಕೆ? ಗ್ಯಾಸ್ ಕಟಿಂಗ್ ಅಂದರೆ ಕಬ್ಬಿಣ ಕರಗಿಸುವುದಲ್ಲ, ಸುಡುವುದು. ಸುಮಾರು 900 ಡಿಗ್ರಿಗೆ ಕಾಯಿಸಿ ಆಕ್ಸಿಜನ್ ಬಿಟ್ಟರೆ ಕಬ್ಬಿಣ ಸೌದೆಯಂತೆ ಉರಿದು ಬೂದಿಯಾಗುತ್ತದೆ, ಆ ಬೂದಿ ಕಬ್ಬಿಣಕ್ಕಿಂತ ಮೊದಲೇ ಕರಗಿ ಹರಿದುಹೋಗುತ್ತದೆ. ಎಸ್.ಎಸ್. ಒಳಗಿನ ಕ್ರೋಮಿಯಂ ಸುಟ್ಟರೆ ಆಗುವ ಪದರ ಎರಡು ಸಾವಿರ ಡಿಗ್ರಿ ದಾಟಿದರೂ ಕರಗದೆ ಮುಚ್ಚಳದಂತೆ ಕೂರುತ್ತದೆ. ಅಲ್ಯೂಮಿನಿಯಂದೂ ಅದೇ ಕತೆ: ಲೋಹ 660 ಡಿಗ್ರಿಗೆ ಕರಗಿದರೆ ಮೇಲಿನ ಪದರಕ್ಕೆ 2,072 ಬೇಕು. ಪ್ಲಾಸ್ಮಾಕ್ಕೆ ಈ ತಕರಾರಿಲ್ಲ. ಸಣ್ಣ ಕಣ್ಣಿನಲ್ಲಿ ಹಿಂಡಿದ ಆರ್ಕಿನ ಬಿಸಿ ಇಪ್ಪತ್ತು ಸಾವಿರ ಡಿಗ್ರಿಯ ಆಸುಪಾಸು, ಜೊತೆಗೆ ಊದಿ ಎಸೆಯಲು ಗಾಳಿ. ಕರೆಂಟು ಹರಿಯುವ ಲೋಹವಾದರೆ ಸಾಕು.

ಹಾಗಂತ ಗ್ಯಾಸಿನ ಸಿಲಿಂಡರ್ ನಾನು ಮಾರಿಲ್ಲ. ನನ್ನ 40 ಆಂಪಿಯರ್ 8 ಎಂ.ಎಂ.ವರೆಗೆ ಬೆಣ್ಣೆಯಂತೆ ಹೋಗುತ್ತದೆ, 10ಕ್ಕೆ ಏದುಸಿರು, 12ಕ್ಕೆ ತೆವಳುತ್ತದೆ. 16ರ ಬೇಸ್ ಪ್ಲೇಟಿನಲ್ಲಿ ಮೇಲೊಂದು ಗೀರು ಹಾಕಿ ಸುಮ್ಮನಾಯಿತು. ಗ್ಯಾಸಿಗೆ 16, 25, 50 ಎಲ್ಲ ಒಂದೇ, ನಾಜಲ್ ನಂಬರ್ ಬದಲಿಸಿ ಆಕ್ಸಿಜನ್ ಒತ್ತಡ ಏರಿಸಿದರೆ ಆಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಗಿ, ಹರಿಯುವ ನೀರಿಗೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟಿನ ಕಬ್ಬಿಣದ ತುಂಡುಗಳನ್ನು, ಇಳಿಸುವುದನ್ನು ನಾಲೆ ನಂಬಿದ ನಾವೆಲ್ಲ ಉಸಿರು ಬಿಗಿಹಿಡಿದು ಟೀವಿಯಲ್ಲಿ ನೋಡಿದ್ದೆವು. ಹುಡುಗನಿಗೆ ಅದು ನೆನಪಾಗಿ, "ಅಂಥಾ ದಪ್ಪ ಕಬ್ಬಿಣಕ್ಕ ನಮ್ಮ ಮಷಿನ್ ನಡೀತದೇನಣ್ಣ" ಅಂದ. ಕಾರ್ಖಾನೆಯ ದೊಡ್ಡ ಪ್ಲಾಸ್ಮಾ ಬೇರೆ, ಇದು ಬೇರೆ ಅಂದೆ.

ಗ್ಯಾಸಿನ ಇನ್ನೊಂದು ಬಲ, ಅದಕ್ಕೆ ಕರೆಂಟು ಬೇಡ. ಸುಗ್ಗಿಯಲ್ಲಿ ಕಟಾವು ಮೆಷಿನ್ ಗದ್ದೆಯ ನಡುವೆ ಮುರಿದು ನಿಂತರೆ ಫೋನು ಬರುತ್ತದೆ. ಆಕ್ಸಿಜನ್ನೂ 19 ಕೆ.ಜಿ.ಯ ಎಲ್‌ಪಿಜಿಯೂ ಗಾಡಿಗೆ ಹಾಕಿಕೊಂಡು ಹೋದರೆ ಕೆಲಸ ಮುಗಿಯಿತು. ಪ್ಲಾಸ್ಮಾ ಒಯ್ಯಬೇಕಾದರೆ ಮೆಷಿನ್, ಕಂಪ್ರೆಸರ್, ಎರಡನ್ನೂ ಎಳೆಯುವ ಜನರೇಟರ್. ಮದುವೆ ದಿಬ್ಬಣವಾಗುತ್ತದೆ. ಅಂಗಡಿಯಲ್ಲೂ ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಮೆಷಿನ್ ಟ್ರಿಪ್ ಆಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಅದರ ಡ್ಯೂಟಿ ಸೈಕಲ್ಲೂ, ಅಂದರೆ ಬಿಡುವಿಲ್ಲದೆ ಕೊಯ್ಯಬಲ್ಲ ಹೊತ್ತೂ, ಕುಗ್ಗುತ್ತದೆ. 40 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಅಂತ ಬರೆದಿದ್ದಾರೆ, ನಮ್ಮ ಶೆಡ್ಡು ಅದನ್ನು ಓದಿಲ್ಲ.

ಗ್ರೈಂಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಗಲ್, ಪೈಪು, ಸಣ್ಣ ನೇರ ಕೊಯ್ಲು, ಅಳತೆ ಕೂದಲೆಳೆ ತಪ್ಪಬಾರದ ಜಾಗ ಎಲ್ಲ ಅದರದೇ. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವ ತೆಳು ವ್ಹೀಲ್ ಸಿಕ್ಕಿಕೊಂಡು ಚೂರಾದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಎಡಗೈಯ ಗಾಯದ ಕಲೆಯೇ ಸಾಕ್ಷಿ. ಆವತ್ತು ಗಾರ್ಡ್ ಬಿಚ್ಚಿಟ್ಟದ್ದು ನಾನೇ.

ಪ್ಲಾಸ್ಮಾದ ಅಪಾಯ ಕಣ್ಣಿಗೆ ಕಾಣದ್ದು. ವೆಲ್ಡಿಂಗ್ ಮೆಷಿನ್ನಿನ ಖಾಲಿ ವೋಲ್ಟೇಜ್ (ಆರ್ಕ್ ಹೊತ್ತುವ ಮುಂಚಿನದು) 60-80ರಷ್ಟಾದರೆ ಇದರದು 250 ದಾಟುತ್ತದೆ, ಅದೂ ಡಿ.ಸಿ. ನಾಜಲ್ ಬಿಚ್ಚುವ ಮುಂಚೆ ಸ್ವಿಚ್ ಆರಿಸಲೇಬೇಕು. ಅರ್ಥ್ ಕ್ಲ್ಯಾಂಪ್ ಕೊಯ್ಯುವ ತುಂಡಿಗೇ ಹಾಕಿ, ಆದರೆ ಬಿದ್ದುಹೋಗುವ ಭಾಗಕ್ಕಲ್ಲ. ಕಣ್ಣಿಗೆ ವೆಲ್ಡಿಂಗಿನ 11ನೇ ನಂಬರಿನ ಕಪ್ಪು ಗಾಜು ಹಾಕಿದರೆ ಗೆರೆಯೇ ಕಾಣದು, 5ರಿಂದ 8 ಸಾಕು. ಇನ್ನು ಜಿ.ಐ. ಶೀಟು, ಸತುವಿನ ಲೇಪದ ತಗಡು. ಬಾಗಿಲು ಹಾಕಿಕೊಂಡು ಕೊಯ್ದ ಹುಡುಗನಿಗೆ ರಾತ್ರಿ ಚಳಿಜ್ವರ ಬಂತು, ಸತುವಿನ ಹೊಗೆಯ ಕೆಲಸ ಅದು. ಬೆಲ್ಲ ತಿಂದರೆ ಆಯ್ತು ಅನ್ನುವವರು ನಮ್ಮಲ್ಲಿ ಬಹಳ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಎದೆಗೆ. ಎಸ್.ಎಸ್. ಹೊಗೆಯಂತೂ ಇನ್ನೂ ಕೆಟ್ಟದ್ದು. ಶೆಡ್ಡಿನ ಹೊರಗೆ, ಗಾಳಿ ಬೆನ್ನಿಗೆ ಬರುವಂತೆ ನಿಂತು, ಮಾಸ್ಕ್ ಹಾಕಿಕೊಂಡೇ ಕೊಯ್ಯುತ್ತೇವೆ. ಡೀಸೆಲ್ ಡ್ರಮ್ ಕೊಯ್ದು ಕೊಡಿ ಅಂತ ಬಂದವರನ್ನು, ಖಾಲಿ ಐತ್ರಿ ಅಂದರೂ, ವಾಪಸ್ ಕಳಿಸುತ್ತೇನೆ. ಖಾಲಿ ಡ್ರಮ್ಮಿನ ಆವಿಯೇ ಸಿಡಿಯುವುದು.

ಹೋದ ವಾರ ಪಕ್ಕದ ರಸ್ತೆಯ ಅಂಗಡಿಯವನೂ ನನ್ನಂಥದ್ದೇ ಮೆಷಿನ್ ತಂದ. ಮೂರನೇ ದಿನ ಸುಟ್ಟ ನಾಜಲ್ ಆರೇಳು ಅಂಗೈಯಲ್ಲಿ ಹಿಡಿದು ಬಂದು, "ಮೋಸ ಆತು ನೋಡಪಾ, ಮಾಲೇ ಸರಿ ಇಲ್ಲ" ಅಂದ.

"ಟ್ಯಾಂಕಿನ ಕೆಳಗಿನ ಕಾಕ್ ಯಾವಾಗ ತಗದಿದ್ದಿ?" ಅಂದೆ.

ಒಂದು ಕ್ಷಣ ನನ್ನನ್ನೇ ನೋಡಿ ಕೇಳಿದ: "ಅದು ಎಲ್ಲಿರ್ತದ?"